ಮನೆಯ ಸಾಬೂನಿಗೆ ಓಟ್ಸ್: ಚಿಕ್ಕಮಗಳೂರಿನ ಮಳೆ ಮತ್ತು ನೀರಿನಲ್ಲಿ ಅದರ ಯೋಗ್ಯತೆ ಎಷ್ಟು?

ಮನೆಯಲ್ಲಿ ಸಾಬೂನು ತಯಾರಿಸುವವರು ಎಣ್ಣೆ ಮತ್ತು ಕ್ಷಾರದ ಜೊತೆಗೆ ಬೆರೆಸುವ ಹತ್ತಾರು ವಸ್ತುಗಳಲ್ಲಿ ಓಟ್ಸ್‌ಗೆ ಈಗ ಸಿಕ್ಕಿರುವ ಮರ್ಯಾದೆ ನಮ್ಮ ಕಡಲೆಹಿಟ್ಟಿಗೂ ಸಿಕ್ಕಿಲ್ಲ, ಅರಿಸಿನಕ್ಕೂ ಸಿಕ್ಕಿಲ್ಲ. ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರಿಗಾಗಿ ಕಾಫಿಪುಡಿ, ಜೇನುತುಪ್ಪ, ಏಲಕ್ಕಿ, ಕಾಳುಮೆಣಸುಗಳನ್ನು ಜೋಡಿಸಿಟ್ಟಿರುವ ಅಂಗಡಿಗಳಲ್ಲೂ ಹೋಂಸ್ಟೇಗಳ ಸ್ನಾನದ ಮನೆಗಳಲ್ಲೂ ಓಟ್ಸ್ ಹಾಕಿದ ಕೈತಯಾರಿಕೆಯ ಸಾಬೂನು ಕಾಣಿಸಿಕೊಳ್ಳುತ್ತಿದೆ. ಅವುಗಳನ್ನು ಕೊಂಡು ಬಳಸಿಯೂ ನೋಡಿದ್ದೇನೆ, ಮನೆಯಲ್ಲಿ ನಾನೇ ತಯಾರಿಸಿಯೂ ನೋಡಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓಟ್ಸ್ ಸಾಬೂನಿಗೆ ಹೊಂದುವ ಒಳ್ಳೆಯ ವಸ್ತುವೇ ಹೌದು. ಆದರೆ ಅದನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿ, ಕೈಬಿಗಿಹಿಡಿದು ಬೆರೆಸಿದರೆ ಮಾತ್ರ. ಅದರಿಂದ ಸಾಬೂನು ಮೈಗೆ ಸೋಕುವ ಬಗೆ ಬದಲಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವವರು ಹಣ ತೆರುವ ಮುನ್ನ ಸ್ವಲ್ಪ ಯೋಚಿಸಬೇಕು.

ಮೊದಲಿಗೆ ಯಾವ ಓಟ್ಸ್ ಕೊಳ್ಳಬೇಕೆಂಬ ಮಾತು. ಊರಿನ ದಿನಸಿ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಎರಡೇ ಬಗೆ: ಅಗಲವಾಗಿ ಒತ್ತಿದ ಅವಲಕ್ಕಿಯಂತಹ ರೋಲ್ಡ್ ಓಟ್ಸ್, ಮತ್ತು ಅದನ್ನೇ ಇನ್ನಷ್ಟು ತೆಳುವಾಗಿ ಒತ್ತಿ ತುಂಡರಿಸಿದ, ಬೇಗ ಬೇಯುವ ಓಟ್ಸ್. ಸಾಬೂನಿನ ಮಟ್ಟಿಗೆ ಇವೆರಡರ ನಡುವೆ ಗುಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ತೆಳುವಾದದ್ದು ಮಿಕ್ಸಿಯಲ್ಲಿ ಬೇಗ ಪುಡಿಯಾಗುತ್ತದೆ ಎಂಬ ಕಾರಣಕ್ಕೆ ನಾನು ಅದನ್ನೇ ಆರಿಸುತ್ತೇನೆ. ಕಾಳನ್ನು ಉಕ್ಕಿನ ಅಲಗಿನಿಂದ ಕತ್ತರಿಸಿದ ಗಟ್ಟಿ ನುಚ್ಚಿನ ಬಗೆಯೊಂದು ದೊಡ್ಡ ಊರುಗಳಲ್ಲಿ ದೊರೆಯುತ್ತದೆ. ಅದು ಗಂಜಿಗೆ ಸೊಗಸು, ಸಾಬೂನಿಗೆ ಬೇಡ. ಉಪ್ಪು, ಖಾರ, ಸಕ್ಕರೆ ಅಥವಾ ಹಣ್ಣಿನ ಸುವಾಸನೆ ಬೆರೆಸಿದ ಪೊಟ್ಟಣಗಳನ್ನು ಮುಟ್ಟಲೇಬಾರದು. ಪೊಟ್ಟಣದ ಹಿಂಬದಿಯಲ್ಲಿ ಓಟ್ಸ್ ಎಂಬ ಒಂದೇ ಪದಾರ್ಥದ ಹೆಸರಿದ್ದರೆ ಸಾಕು. ಸಾಬೂನಿಗೆಂದೇ ಅಂತರ್ಜಾಲದಲ್ಲಿ ಮಾರುವ ಕೊಲಾಯ್ಡಲ್ ಓಟ್‌ಮೀಲ್, ಅಂದರೆ ನೀರಿನಲ್ಲಿ ತೇಲಿ ನಿಲ್ಲುವಷ್ಟು ನುಣ್ಣಗೆ ಬೀಸಿದ ಓಟ್ಸ್ ಪುಡಿಗೆ ತೂಕಕ್ಕೆ ತೂಕ ಹಲವು ಪಟ್ಟು ಬೆಲೆ. ಅದು ಮೋಸದ ವಸ್ತುವೇನಲ್ಲ, ಆದರೆ ಮೈ ತೊಳೆದು ಹರಿದುಹೋಗುವ ಸಾಬೂನಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯ ನನಗೆ ಕಾಣಲಿಲ್ಲ.

ನುಣುಪಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಓಟ್ಸ್ ಸಾಬೂನಿನ ಗುಣ ಅವಗುಣಗಳಲ್ಲಿ ಮುಕ್ಕಾಲು ಪಾಲು ನಿರ್ಧಾರವಾಗುವುದು ಮಿಕ್ಸಿಯಲ್ಲಿಯೇ. ಅಮೆರಿಕದ ಔಷಧ ಗುಣಮಟ್ಟದ ಸಂಹಿತೆಯ ಪ್ರಕಾರ ಕೊಲಾಯ್ಡಲ್ ಎನಿಸಿಕೊಳ್ಳಬೇಕಾದ ಓಟ್ಸ್ ಪುಡಿಯಲ್ಲಿ 150 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪನೆಯ ಕಣಗಳು ನೂರಕ್ಕೆ 3ನ್ನು ಮೀರಬಾರದು, 75 ಮೈಕ್ರಾನಿಗಿಂತ ದಪ್ಪನೆಯವು ನೂರಕ್ಕೆ 20ನ್ನು ಮೀರಬಾರದು. ಮನೆಯ ಮಿಕ್ಸಿ ಈ ಮಟ್ಟವನ್ನು ಮುಟ್ಟುವುದಿಲ್ಲವಾದರೂ, ಒಣ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ, ಹಿಟ್ಟಿನ ಜರಡಿಯಲ್ಲಿ ಒಮ್ಮೆ ಜರಡಿ ಹಿಡಿದು, ಆ ಬಳಿಕ ನಮ್ಮ ಹಿರಿಯರು ಮನೆಮದ್ದಿನ ಪುಡಿಗಳಿಗೆ ಮಾಡುತ್ತಿದ್ದಂತೆ ತೆಳುವಾದ ಹಳೆಯ ಪಂಚೆಯ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿದರೆ ಕೈಗೆ ಬರುವ ಪುಡಿ ಬೇಕಾದಷ್ಟು ನುಣುಪಾಗಿರುತ್ತದೆ. ಪರೀಕ್ಷೆ ಸರಳವಾದುದು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿದಾಗ ನೀರು ತೆಳು ಹಾಲಿನ ಬಣ್ಣಕ್ಕೆ ತಿರುಗಿ ಬೆರಳಿಗೆ ಜಾರುವಂತಾಗಬೇಕು. ಪುಡಿಯೆಲ್ಲ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿಯೇ ಉಳಿದರೆ ಇನ್ನೊಮ್ಮೆ ಪುಡಿಮಾಡಬೇಕು. ಬಟ್ಟೆಯಲ್ಲಿ ಉಳಿದ ತರಿಯನ್ನು ಎಸೆಯಬೇಕಾಗಿಲ್ಲ. ಅದು ದೋಸೆಹಿಟ್ಟಿಗೆ ಹೋಗುತ್ತದೆ.

ಒಂದೇ ಸಲಕ್ಕೆ ಬಹಳಷ್ಟು ಪುಡಿಮಾಡಿ ಡಬ್ಬಿ ತುಂಬಿಸಿಡುವುದು ಜಾಣತನವಲ್ಲ. ಗೋಧಿ, ಅಕ್ಕಿಗಳಿಗಿಂತ ಓಟ್ಸ್‌ನಲ್ಲಿ ಕೊಬ್ಬಿನ ಅಂಶ ಹೆಚ್ಚು, ಆ ಕೊಬ್ಬನ್ನು ಒಡೆಯುವ ಕಿಣ್ವವೂ ಕಾಳಿನಲ್ಲಿಯೇ ಇರುತ್ತದೆ. ಗಿರಣಿಯವರು ಕಾಳಿಗೆ ಹಬೆ ಕೊಟ್ಟು ಒಣಗಿಸುವುದು ಈ ಕಿಣ್ವವನ್ನು ಅಡಗಿಸುವುದಕ್ಕಾಗಿಯೇ. ಹಾಗಿದ್ದರೂ ಪುಡಿಯಾದ ಮೇಲೆ ಗಾಳಿಗೆ ತೆರೆದುಕೊಳ್ಳುವ ಭಾಗ ಹೆಚ್ಚುವುದರಿಂದ, ಮಲೆನಾಡಿನ ತೇವದಲ್ಲಿ ಅದಕ್ಕೆ ಮುಗ್ಗಲು ವಾಸನೆ ಬೇಗ ಹತ್ತುತ್ತದೆ. ಆ ವಾಸನೆ ಸಾಬೂನಿಗೂ ಹೋಗುತ್ತದೆ, ಯಾವ ಸುಗಂಧ ತೈಲವೂ ಅದನ್ನು ಪೂರ್ತಿಯಾಗಿ ಮುಚ್ಚಲಾರದು.

ಇನ್ನು ಪ್ರಮಾಣ. 500 ಗ್ರಾಂ ಎಣ್ಣೆಗೆ 10 ಗ್ರಾಂ ಓಟ್ಸ್ ಪುಡಿ, ಅಂದರೆ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ಹೆಚ್ಚೆಂದರೆ 15 ಗ್ರಾಂ. ನಾನು ಅನುಸರಿಸುವ ಎಣ್ಣೆಗಳ ಲೆಕ್ಕದಲ್ಲಿ ಕೊಬ್ಬರಿ ಎಣ್ಣೆ 150 ಗ್ರಾಂ, ಅಕ್ಕಿ ತೌಡಿನ ಎಣ್ಣೆ 300 ಗ್ರಾಂ ಮತ್ತು ಹರಳೆಣ್ಣೆ 50 ಗ್ರಾಂ ಇರುತ್ತವೆ. ಇವಕ್ಕೆ ಸುಮಾರು 69 ಗ್ರಾಂ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾ, ಅದನ್ನು ಕರಗಿಸಲು 150 ಗ್ರಾಂ ನೀರು. ಇದರಲ್ಲಿ ನೂರಕ್ಕೆ ಐದರಷ್ಟು ಎಣ್ಣೆ ಸಾಬೂನಾಗದೆ ಉಳಿಯುತ್ತದೆ, ಮೈ ಬಿರಿಯದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಆ ಉಳಿದ ಎಣ್ಣೆಯೇ. ಕೊಬ್ಬರಿ ಎಣ್ಣೆಯ ಒಂದು ಗ್ರಾಮಿಗೆ 0.183 ಗ್ರಾಂ ಕ್ಷಾರ ಬೇಕಾದರೆ ಹರಳೆಣ್ಣೆಗೆ 0.128 ಗ್ರಾಂ ಸಾಕು. ಆದ್ದರಿಂದ ಒಂದು ಎಣ್ಣೆಯ ಬದಲಿಗೆ ಇನ್ನೊಂದನ್ನು ಹಾಕುವವರು ಕ್ಷಾರದ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು. ಓಟ್ಸ್ ಈ ಲೆಕ್ಕದೊಳಗೆ ಬರುವುದಿಲ್ಲ. ಕಾಸ್ಟಿಕ್ ಸೋಡಾವನ್ನು ಯಾವಾಗಲೂ ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು, ಅಲ್ಯೂಮಿನಿಯಂ ಪಾತ್ರೆ ಬಳಸಬಾರದು, ಕೈಗವಸು ಮತ್ತು ಕನ್ನಡಕ ತೊಡದೆ ಕೆಲಸಕ್ಕೆ ಕೈಹಾಕಬಾರದು, ಮಕ್ಕಳು ಓಡಾಡುವ ಹೊತ್ತಿನಲ್ಲಿ ಈ ಕೆಲಸವೇ ಬೇಡ. ಓಟ್ಸ್ ಎಂಬ ಸಾಧು ಹೆಸರು ಸೇರಿದ ಮಾತ್ರಕ್ಕೆ ಕ್ಷಾರದ ಉಗ್ರತೆ ಕಡಿಮೆಯಾಗುವುದಿಲ್ಲ.

ಪುಡಿಯನ್ನು ಯಾವಾಗ ಬೆರೆಸಬೇಕು ಎಂಬುದರಲ್ಲಿ ತಯಾರಕರ ನಡುವೆ ಒಮ್ಮತವಿಲ್ಲ. ಎಣ್ಣೆ ಮತ್ತು ಕ್ಷಾರದ ನೀರು ಒಂದಾಗಿ, ಮೇಲೆ ಎಳೆದ ಗೆರೆ ಒಂದು ಕ್ಷಣ ಅಳಿಸದೆ ನಿಲ್ಲುವ ಹದಕ್ಕೆ ಬಂದಾಗ, ಓಟ್ಸ್ ಪುಡಿಯನ್ನು ಒಂದೆರಡು ಚಮಚ ಎಣ್ಣೆಯಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಸೇರಿಸುವುದು ನನಗೆ ಒಗ್ಗಿದ ಕ್ರಮ. ಆ ಎಣ್ಣೆಯನ್ನು ಮೊದಲೇ ಅಳೆದ 500 ಗ್ರಾಮಿನಿಂದಲೇ ತೆಗೆದಿರಿಸಿಕೊಳ್ಳಬೇಕು. ಒಣಪುಡಿಯನ್ನು ನೇರವಾಗಿ ಉದುರಿಸಿದರೆ ಅದು ಗಂಟುಕಟ್ಟುತ್ತದೆ. ನೀರಿನಲ್ಲಿ ನೆನೆಸಿ ಹಾಕಿದರೆ ಲೆಕ್ಕಕ್ಕೆ ಮೀರಿದ ನೀರು ಸೇರಿ ಬಿಲ್ಲೆ ಗಟ್ಟಿಯಾಗುವುದು ತಡವಾಗುತ್ತದೆ. ಓಟ್ಸ್ ನೀರನ್ನು ಹೀರುವುದರಿಂದ ಮಿಶ್ರಣ ಬೇಗನೆ ಮಂದವಾಗುತ್ತದೆ, ಆದ್ದರಿಂದ ಅಚ್ಚನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು ಮೇಲು. ನೀರಿನ ಬದಲಿಗೆ ಓಟ್ಸ್ ಹಾಲನ್ನೇ ಬಳಸುವ ಪದ್ಧತಿಯೊಂದಿದೆ. ಕ್ಷಾರದ ಶಾಖಕ್ಕೆ ಆ ಹಾಲು ಕಂದಿ ಲೋಳೆಯಾಗುವುದನ್ನು ತಡೆಯಲು ಅದನ್ನು ಮಂಜುಗಡ್ಡೆ ಮಾಡಿ ಬಳಸಬೇಕು. ಇಷ್ಟೆಲ್ಲ ಪಾಡುಪಟ್ಟರೂ ಪುಡಿ ಹಾಕಿದ ಬಿಲ್ಲೆಗಿಂತ ಅದು ಮೇಲೆನ್ನುವಂತಹ ಗುಣ ನನ್ನ ಕೈಗೆ ತಿಳಿಯಲಿಲ್ಲ.

ಜೇನಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಓಟ್ಸ್ ಮತ್ತು ಜೇನು ಜೋಡಿಯೆಂಬಂತೆ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಗಿವೆ, ನಮ್ಮ ಜಿಲ್ಲೆಯಲ್ಲಿ ಜೇನಿಗೆ ಬರವೂ ಇಲ್ಲ. ಆದರೆ ಜೇನಿನ ಸಕ್ಕರೆ ಅಚ್ಚಿನೊಳಗಿನ ಶಾಖವನ್ನು ಏರಿಸುತ್ತದೆ. ಪ್ರಮಾಣ ಮೀರಿದರೆ ಮಿಶ್ರಣ ಉಬ್ಬಿ ಬಿರುಕು ಬಿಡುತ್ತದೆ, ಕೆಲವೊಮ್ಮೆ ಅಚ್ಚನ್ನು ಮೀರಿ ಉಕ್ಕುತ್ತದೆ. 500 ಗ್ರಾಂ ಎಣ್ಣೆಗೆ ಒಂದು ಚಿಕ್ಕ ಚಮಚ ಜೇನು ಸಾಕು, ಅಂತಹ ಅಚ್ಚಿಗೆ ಕಂಬಳಿ ಹೊದಿಸಬಾರದು.

ಹೀಗೆ ತಯಾರಾದ ಬಿಲ್ಲೆಯ ಗುಣವೇನು? ಬಣ್ಣ ತೆಳು ಗೋಧಿಬಣ್ಣ, ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಕಂದು ಚುಕ್ಕೆ. ನೊರೆಯ ಪ್ರಮಾಣ ಓಟ್ಸ್‌ನಿಂದ ಹೆಚ್ಚುವುದಿಲ್ಲ, ಅದು ಕೊಬ್ಬರಿ ಎಣ್ಣೆ ಮತ್ತು ಹರಳೆಣ್ಣೆಯ ಕೆಲಸ. ಆದರೆ ನೊರೆಯ ಗುಳ್ಳೆಗಳು ಚಿಕ್ಕವಾಗಿ, ಕೆನೆಗಟ್ಟಿದಂತೆ ದಟ್ಟವಾಗುತ್ತವೆ, ಬಿಲ್ಲೆ ಮೈಮೇಲೆ ಜಾರುವ ಬಗೆ ನಯವಾಗುತ್ತದೆ. ಓಟ್ಸ್‌ನಲ್ಲಿರುವ ಪಿಷ್ಟ ಮತ್ತು ಬೀಟಾ ಗ್ಲೂಕಾನ್ ಎಂಬ ಲೋಳೆಗುಣದ ನಾರು ಇದಕ್ಕೆ ಕಾರಣ. ನುಣ್ಣನೆಯ ಪುಡಿಯಾದರೆ ಉಜ್ಜುವ ಗುಣ ಇದೆಯೋ ಇಲ್ಲವೋ ಎಂಬಷ್ಟು ಮೃದು. ದಿನನಿತ್ಯದ ಸ್ನಾನಕ್ಕೆ, ಮುಖಕ್ಕೂ, ತೊಂದರೆಯಿಲ್ಲ. ತರಿ ಉಳಿದ ಪುಡಿಯಾದರೆ ಕತೆಯೇ ಬೇರೆ: ಮೊದಲ ಸ್ನಾನದಲ್ಲಿ ಏನೂ ಅನ್ನಿಸದಿದ್ದರೂ ಬಿಲ್ಲೆ ಸವೆದಂತೆ ಹೊಟ್ಟು ಮೇಲೆ ಚಾಚಿಕೊಂಡು ಚರ್ಮಕ್ಕೆ ಕೆರೆಯತೊಡಗುತ್ತದೆ. ಕಾಫಿ ಗಸಿ ಹಾಕಿದ ಸಾಬೂನಿಗೆ ಹೋಲಿಸಿದರೆ ಓಟ್ಸ್ ಬಹಳ ಸೌಮ್ಯ. ತೋಟದ ಕೆಲಸ ಮುಗಿಸಿ ಬಂದವರ ಕೈಕಾಲಿನ ಮಣ್ಣು ಮತ್ತು ಅಂಟಿಗೆ ಕಾಫಿಯ ಬಿಲ್ಲೆಯೇ ಸರಿ, ಚಳಿಗಾಲದಲ್ಲಿ ಒಣಗಿ ಬೆಳ್ಳಗಾಗುವ ಮೈಗೆ ಓಟ್ಸ್ ಬಿಲ್ಲೆ ಸರಿ. ರಾಗಿಹಿಟ್ಟನ್ನು ಇದೇ ಪ್ರಮಾಣದಲ್ಲಿ ಬಳಸಿದಾಗ ಬಣ್ಣ ಗಾಢವಾಗಿ ಚೆಂದ ಕಾಣುತ್ತದೆ, ಆದರೆ ಓಟ್ಸ್ ಕೊಡುವ ಜಾರುವಿಕೆ ಬರುವುದಿಲ್ಲ. ಹೊಟ್ಟು ಉಳಿಸಿ ಬೀಸಿದ ರಾಗಿಯಾದರೆ ಉಜ್ಜುವಿಕೆಯೂ ಹೆಚ್ಚು.

ಚರ್ಮಕ್ಕೆ ಓಟ್ಸ್ ಹಿತವೆಂಬ ನಂಬಿಕೆ ಹುಸಿಯಲ್ಲ. ಅಮೆರಿಕದಲ್ಲಿ 1945ರಲ್ಲಿಯೇ ಅವೀನೋ ಎಂಬ ಹೆಸರಿನಲ್ಲಿ ಓಟ್ಸ್‌ನ ಸ್ನಾನದ ಪುಡಿ ಮಾರುಕಟ್ಟೆಗೆ ಬಂದಿತ್ತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಕೊಲಾಯ್ಡಲ್ ಓಟ್‌ಮೀಲನ್ನು ಚರ್ಮರಕ್ಷಕ ವಸ್ತುವೆಂದು ಒಪ್ಪಿಕೊಂಡು, ನೂರಕ್ಕೆ 0.007ರಷ್ಟು ಕನಿಷ್ಠ ಪ್ರಮಾಣವನ್ನು ಗೊತ್ತುಪಡಿಸಿತು. ಧಾನ್ಯಗಳ ಪೈಕಿ ಓಟ್ಸ್‌ನಲ್ಲಿ ಮಾತ್ರ ಕಂಡುಬರುವ ಅವೆನಾಂತ್ರಮೈಡ್ ಎಂಬ ಸಂಯುಕ್ತಗಳು ತುರಿಕೆ, ಉರಿಗಳನ್ನು ಶಮನಗೊಳಿಸುತ್ತವೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ. ಆದರೆ ಈ ಮನ್ನಣೆಯೆಲ್ಲ ಮುಖ್ಯವಾಗಿ ಮೈಮೇಲೆ ಉಳಿಯುವ ಮುಲಾಮಿಗೆ ಮತ್ತು ಮೈ ನೆನೆಸಿ ಕೂರುವ ಸ್ನಾನದ ನೀರಿಗೆ ಸಂಬಂಧಿಸಿದ್ದು. ನಾವು ಮನೆಯಲ್ಲಿ ಮಾಡುವ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿರುತ್ತದೆ, ಅಂದರೆ ಅದು ಕ್ಷಾರೀಯ; ಆರೋಗ್ಯವಂತ ಚರ್ಮದ ಮೇಲ್ಪದರವಾದರೋ ತುಸು ಆಮ್ಲೀಯ. ಹಸಿ ಮಿಶ್ರಣದ ಉಗ್ರ ಕ್ಷಾರವನ್ನು ಹಾದು ಬಂದು, ನೊರೆಯಲ್ಲಿ ಒಂದೆರಡು ನಿಮಿಷವಿದ್ದು, ಚೊಂಬಿನ ನೀರಿಗೆ ತೊಳೆದುಹೋಗುವ ಓಟ್ಸ್ ಅಷ್ಟೇ ಉಪಕಾರ ಮಾಡುತ್ತದೆಂದು ಹೇಳುವುದು ಅತಿಶಯವಾದೀತು. ತುರಿಕೆ, ಒಣಚರ್ಮಗಳಿಗೆ ಓಟ್ಸ್‌ನ ನಿಜವಾದ ಲಾಭ ಬೇಕೆನ್ನುವವರು ಅದೇ ನುಣ್ಣನೆಯ ಪುಡಿಯ ಎರಡು ಹಿಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿ, ಆ ನೀರನ್ನು ಕೊನೆಯಲ್ಲಿ ಮೈಗೆ ಹುಯ್ದುಕೊಳ್ಳುವುದು ಹೆಚ್ಚು ಫಲಕಾರಿ, ಖರ್ಚೂ ಕಡಿಮೆ. ಇಸುಬು ಇರುವ ಮಕ್ಕಳ ವಿಷಯದಲ್ಲಿ ಚರ್ಮವೈದ್ಯರನ್ನು ಕೇಳದೆ ಇದಾವುದನ್ನೂ ಮಾಡಬಾರದು. ಓಟ್ಸ್ ಒಗ್ಗದವರೂ ಇದ್ದಾರೆ.

ಓಟ್ಸ್‌ನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೈಬಿಡುವ ಎರಡು ಸಂಗತಿಗಳು ನಮ್ಮ ಜಿಲ್ಲೆಯವರಿಗೆ ಬಹಳ ಮುಖ್ಯ: ನೀರು ಮತ್ತು ಮಳೆ. ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಕಡೆ ಹಳ್ಳದ ಅಥವಾ ಅಬ್ಬಿಯ ನೀರು ಮೆದು. ಅಲ್ಲಿ ಯಾವ ಸಾಬೂನಾದರೂ ಬೇಗ ನೊರೆ ಬರುತ್ತದೆ, ಕೆಲವೊಮ್ಮೆ ತೊಳೆದಷ್ಟೂ ಜಾರುತ್ತಲೇ ಇರುತ್ತದೆ. ಓಟ್ಸ್ ಬಿಲ್ಲೆಯ ನಯ ಅಲ್ಲಿ ಪೂರ್ಣವಾಗಿ ಅನುಭವಕ್ಕೆ ಬರುತ್ತದೆ. ಬಯಲುಸೀಮೆಯ ಕಡೂರಿನ ಭಾಗದಲ್ಲಿ, ಪಕ್ಕದ ಅರಸೀಕೆರೆಯಲ್ಲಿ, ಆಳದ ಬೋರ್‌ವೆಲ್ಲಿನ ಗಡಸು ನೀರು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಂದಿಗೆ ಕೂಡಿ ಕರಗದ ಜಿಡ್ಡಾಗಿ ಮೈಮೇಲೂ ಬಕೆಟ್ಟಿನ ಅಂಚಿನಲ್ಲೂ ಅಂಟಿಕೊಳ್ಳುತ್ತವೆ. ಒಂದೇ ಅಚ್ಚಿನಿಂದ ತೆಗೆದ ಬಿಲ್ಲೆಗಳನ್ನು ಎರಡೂ ಕಡೆಯ ನೆಂಟರ ಮನೆಗಳಿಗೆ ಕೊಟ್ಟಾಗ ಮಲೆನಾಡಿನವರು ಹೊಗಳಿದ ಸಾಬೂನನ್ನೇ ಕಡೂರಿನವರು ಮೈ ಬಿಗಿಯುತ್ತದೆಂದು ದೂರಿದರು. ಇದರಲ್ಲಿ ಓಟ್ಸ್‌ನ ತಪ್ಪೇನೂ ಇಲ್ಲ, ಅದನ್ನು ಸರಿಪಡಿಸುವ ಶಕ್ತಿಯೂ ಓಟ್ಸ್‌ಗೆ ಇಲ್ಲ. ಗಡಸು ನೀರಿಗೆ ಮದ್ದು ಸಿಟ್ರಿಕ್ ಆಮ್ಲ. 500 ಗ್ರಾಂ ಎಣ್ಣೆಗೆ 5 ಗ್ರಾಂ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿಕೊಂಡರೆ ಜಿಡ್ಡು ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಅದರ ಪ್ರತಿ ಗ್ರಾಮೂ 0.624 ಗ್ರಾಂ ಕಾಸ್ಟಿಕ್ ಸೋಡಾವನ್ನು ತಾನೇ ನುಂಗುವುದರಿಂದ, ಅಷ್ಟು ಕ್ಷಾರವನ್ನು, ಎಂದರೆ ಸುಮಾರು 3 ಗ್ರಾಮನ್ನು, ಹೆಚ್ಚಿಗೆ ಸೇರಿಸಬೇಕು. ಅರಸೀಕೆರೆ, ಕಡೂರುಗಳಲ್ಲಿ ತೆಂಗು ಹೇರಳವಾಗಿರುವುದೂ ಗಾಣದ ಕೊಬ್ಬರಿ ಎಣ್ಣೆ ಸುಲಭವಾಗಿ ಸಿಗುವುದೂ ಸಾಬೂನು ಮಾಡುವವರ ಭಾಗ್ಯ. ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಬರಿಸುವ ಎಣ್ಣೆ ಅದು.

ಮಳೆಯ ಮಾತು ಇನ್ನೂ ಗಂಭೀರ. ಅಚ್ಚಿನಿಂದ ತೆಗೆದ ಬಿಲ್ಲೆಗಳನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವಲ್ಲಿ ಒಣಗಿಸಬೇಕೆಂಬ ನಿಯಮ ಎಲ್ಲೆಡೆ ಹೇಳುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಲೆನಾಡಿನ ಮನೆಯಲ್ಲಿ ಆ ನಿಯಮಕ್ಕೆ ಬೆಲೆಯಿಲ್ಲ. ಸಾಬೂನಿನಲ್ಲಿ ತಾನಾಗಿಯೇ ಹುಟ್ಟುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಬಿಲ್ಲೆಯ ಮೇಲೆ ಹನಿಗಟ್ಟುತ್ತದೆ, ಓಟ್ಸ್ ಸೇರಿದ ಬಿಲ್ಲೆ ಸಾದಾ ಬಿಲ್ಲೆಗಿಂತ ತುಸು ಹೆಚ್ಚೇ ಮೆತ್ತಗಿರುತ್ತದೆ. ಹಾಗಾಗಿ ಓಟ್ಸ್ ಸಾಬೂನಿಗೆ ನಮ್ಮಲ್ಲಿ ಸರಿಯಾದ ಕಾಲವೆಂದರೆ ದೀಪಾವಳಿ ಕಳೆದ ಮೇಲಿನಿಂದ ಬೇಸಿಗೆಯ ನಡುವಿನವರೆಗೆ. ಆಗ ಮಾಡಿ, ಬಿದಿರಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಆಗಾಗ ಮಗುಚಿ ಒಣಗಿಸಿದರೆ ಮಳೆಗಾಲಕ್ಕೆ ಬೇಕಾದಷ್ಟು ಗಟ್ಟಿ ಬಿಲ್ಲೆ ಸಿದ್ಧವಾಗಿರುತ್ತದೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಕ್ಷಾರ ಕರಗಿಸುವ ನೀರನ್ನು 150 ಗ್ರಾಮಿನಿಂದ 130ಕ್ಕೆ ಇಳಿಸಿ, ಓಟ್ಸನ್ನು 5 ಗ್ರಾಮಿಗೆ ಮಿತಿಗೊಳಿಸುವುದು ಕ್ಷೇಮ.

ಸಿದ್ಧವಾಗಿ ಸಿಗುವ, ಕರಗಿಸಿ ಅಚ್ಚಿಗೆ ಹುಯ್ಯುವ ಸಾಬೂನಿನ ಗಟ್ಟಿಯಾದ ಸೋಪ್ ಬೇಸ್ ಬಳಸುವವರಿಗೆ ಓಟ್ಸನ್ನು ನಾನು ಉತ್ಸಾಹದಿಂದ ಶಿಫಾರಸು ಮಾಡಲಾರೆ. ಬೇಸ್ ತೆಳುವಾಗಿರುವಾಗ ಹಾಕಿದ ಪುಡಿಯೆಲ್ಲ ಅಚ್ಚಿನ ತಳಕ್ಕೆ ಇಳಿಯುತ್ತದೆ; ಅದು ತಣಿದು ಮಂದವಾಗುವವರೆಗೆ ಕಲಕುತ್ತ ಕಾಯಬೇಕು. ಕಾದರೂ ಆ ಬಿಲ್ಲೆಯೊಳಗಿನ ತೇವದಿಂದಾಗಿ ಮೇಲೆ ಅಂಟಿಸಿದ ಓಟ್ಸ್ ಕಂದಿ ಬೂಷ್ಟು ಹಿಡಿಯುವ ಸಾಧ್ಯತೆ ಇದ್ದೇ ಇರುತ್ತದೆ.

ಇನ್ನು ಅಂಗಡಿಯಲ್ಲಿ ಸಿಗುವ ಓಟ್ಸ್ ಸಾಬೂನುಗಳ ಬಗ್ಗೆ. ನಾನು ಕೊಂಡವುಗಳಲ್ಲಿ ಕಣ್ಣಿಗೆ ಅತ್ಯಂತ ಸುಂದರವಾಗಿದ್ದವು ಮೇಲ್ಭಾಗದಲ್ಲಿ ಇಡೀ ಓಟ್ಸ್ ಚಕ್ಕೆಗಳನ್ನು ಒತ್ತಿ ಅಲಂಕರಿಸಿದ್ದವು, ಬಳಕೆಯಲ್ಲಿ ಅತ್ಯಂತ ಕೆಟ್ಟದಾಗಿದ್ದವೂ ಅವೇ. ಮೊದಲ ಒಂದೆರಡು ಸ್ನಾನಗಳಲ್ಲಿ ಚಕ್ಕೆಗಳು ಕಳಚಿ ಬಚ್ಚಲಿನ ಜಾಲರಿಯಲ್ಲಿ ಕೂರುತ್ತವೆ, ಕಳಚಿದ ಜಾಗ ಒರಟಾಗಿ ಉಳಿಯುತ್ತದೆ, ಒಳಗಿನ ಸಾಬೂನಿನಲ್ಲಿ ಓಟ್ಸ್‌ನ ಸುಳಿವೇ ಇರುವುದಿಲ್ಲ. ಅಲಂಕಾರವಿಲ್ಲದ, ಕಂದು ಚುಕ್ಕೆಗಳು ಬಿಲ್ಲೆಯ ಉದ್ದಕ್ಕೂ ಸಮವಾಗಿ ಹರಡಿದ ಸಾದಾ ಬಿಲ್ಲೆಗಳು ಅವಕ್ಕಿಂತ ಎಷ್ಟೋ ಮೇಲು. ಕೊಳ್ಳುವವರು ಬಿಲ್ಲೆಯ ಕತ್ತರಿಸಿದ ಬದಿಯನ್ನು ನೋಡಬೇಕು, ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಿದೆಯೇ ಎಂದು ಪರೀಕ್ಷಿಸಬೇಕು, ಎಣ್ಣೆಗಳ ಹೆಸರು ಮತ್ತು ತಯಾರಾದ ತಿಂಗಳು ಚೀಟಿಯ ಮೇಲಿದೆಯೇ ಎಂದು ಓದಬೇಕು. ಮಾರಾಟಕ್ಕೆಂದು ಸಾಬೂನು ತಯಾರಿಸುವವರು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಹಾಗೂ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳ ಪ್ರಕಾರ ಪರವಾನಗಿ ಪಡೆದಿರಬೇಕಾದ್ದರಿಂದ ಅದರ ಸಂಖ್ಯೆಯೂ ಚೀಟಿಯಲ್ಲಿರಬೇಕು. ಇಸುಬು ವಾಸಿಯಾಗುತ್ತದೆ, ಕಲೆ ಮಾಯವಾಗುತ್ತದೆ ಎಂಬ ಬರಹ ಕಂಡರೆ ನಾನಂತೂ ಆ ಬಿಲ್ಲೆಯನ್ನು ತೆಗೆದಲ್ಲಿಯೇ ಇಟ್ಟು ಬರುತ್ತೇನೆ. ಒಂದು ಬಿಲ್ಲೆಗೆ ಅವರು ಕೇಳುವ ಬೆಲೆಗೆ ಸಾದಾ ಓಟ್ಸ್‌ನ ಅರ್ಧ ಕಿಲೋ ಪೊಟ್ಟಣವೇ ಬರುತ್ತದೆ, ಅಷ್ಟು ಓಟ್ಸ್‌ನಲ್ಲಿ ಮೇಲೆ ಹೇಳಿದ ಲೆಕ್ಕದ ಪ್ರಕಾರ ಒಂದು ಮನೆಗೆ ಹಲವು ವರ್ಷಗಳಿಗಾಗುವಷ್ಟು ಸಾಬೂನು ಮಾಡಬಹುದು. ಅಷ್ಟು ಕಾಲ ಓಟ್ಸ್ ಕೆಡದೆ ಉಳಿಯುವುದಿಲ್ಲವಾದ್ದರಿಂದ ಮಿಕ್ಕಿದ್ದನ್ನು ಬೆಳಗಿನ ಉಪ್ಪಿಟ್ಟಿಗೋ ಗಂಜಿಗೋ ಬಳಸಿಕೊಳ್ಳಬೇಕಾಗುತ್ತದೆ.